ತಿಳಿನೀರಿನ ಜಂಬ

ಗಣಿಯ ಕೆಳಗಿನ ಹಳ್ಳಕ್ಕೆ ತನ್ನ ತಿಳಿನೀರಿನ ಬಗ್ಗೆ ಇನ್ನಿಲ್ಲದ ಜಂಬ. ಹೊಟ್ಟೆಯಡಿ ನೂರು ಮರಿಗಳನ್ನು ಅವಚಿಕೊಂಡು ತಾಯಿ ಏಡಿ ಬಂದಾಗ ಅದು, "ಬಾ ತಾಯಿ, ಮರಿಗಳನ್ನು ಇಳಿಸು. ಕನ್ನಡಿಯಂತಿದ್ದೇನೆ, ಮುಖ ನೋಡಿಕೋ" ಎಂದಿತು.

ಏಡಿ ಮುಖ ನೋಡಿಕೊಂಡಿತು. ಆಮೇಲೆ ತಳ ನೋಡಿತು. ಅಲ್ಲಿ ಪಾಚಿಯಿಲ್ಲ, ಹುಳವಿಲ್ಲ, ಒಂದು ಮೀನೂ ಇಲ್ಲ.

"ಹಳ್ಳಣ್ಣ, ನಿನ್ನ ಮನೆಯಲ್ಲಿ ಯಾರೂ ಯಾಕೆ ಉಳಿದಿಲ್ಲ?"

ಹಳ್ಳ ತಗ್ಗಿದ ದನಿಯಲ್ಲಿ ಒಪ್ಪಿಕೊಂಡಿತು. "ಗಣಿಯ ಸೀಸ, ತಾಮ್ರ ನನ್ನಲ್ಲಿ ಕರಗಿವೆ. ಕಣ್ಣಿಗೆ ಕಾಣುವುದಿಲ್ಲವಲ್ಲ ಅಂತ ಸುಮ್ಮನಿದ್ದೆ."

ದಡದ ಲಾವಂಚ ಹುಲ್ಲು ನಕ್ಕಿತು. "ನನ್ನ ಬೇರುಗಳ ನಡುವೆ ನಿಧಾನವಾಗಿ ಹರಿ. ಆ ಸೀಸ, ತಾಮ್ರವನ್ನು ನಾನು ಹಿಡಿದಿಟ್ಟುಕೊಳ್ಳುತ್ತೇನೆ."

"ಓಟಕ್ಕೆ ಹೆಸರಾದ ನಾನು ತೆವಳಬೇಕೇ?" ಎಂದು ಹಳ್ಳ ಗೊಣಗಿತು. ಗೊಣಗುತ್ತಲೇ ತೆವಳಿತು. ಏಡಿ ಮರಿಗಳನ್ನು ಹೊತ್ತು ಬೇರೆ ನೀರು ಹುಡುಕಿ ಹೋಯಿತು.

ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಲಾವಂಚ ಹಳ್ಳದುದ್ದಕ್ಕೂ ಹಬ್ಬಿತು. ಕಲ್ಲಿಗೆ ಪಾಚಿ ಹತ್ತಿತು, ಪಾಚಿ ಹುಡುಕಿಕೊಂಡು ಮೀನು ಬಂತು. ಹೊಸ ಮರಿಗಳೊಂದಿಗೆ ಬಂದ ಏಡಿ ಒಂದು ಕಾಲು ಅದ್ದಿ ನೋಡಿ, ಎಲ್ಲವನ್ನೂ ನೀರಿಗೆ ಇಳಿಸಿಯೇಬಿಟ್ಟಿತು.

"ಪಾಚಿ ಕಟ್ಟಿದೆ, ಈಗ ನನ್ನಲ್ಲಿ ನಿನ್ನ ಮುಖ ಕಾಣದು" ಎಂದು ಹಳ್ಳ ನಾಚಿತು.

"ಹೋಗಲಿ ಬಿಡು ಮಾರಾಯ," ಕುಣಿಯುವ ಮರಿಗಳನ್ನು ನೋಡುತ್ತ ಏಡಿ ಅಂದಿತು, "ನನ್ನವೇ ನೂರು ಮುಖ ಕಾಣುತ್ತಿವೆ."