ದಣಿ ಎಳೆದ ಪೈಪು

ನಾನು ಮೊದಲು ಮನೆ ಬಿಟ್ಟದ್ದು ಒಂದು ನಾಗರಪಂಚಮಿಯ ದಿನ, ಶಾಲೆಯ ಚೀಲವನ್ನು ಬಾವಿಕಟ್ಟೆಯ ಮೇಲಿಟ್ಟು. ಊರೂರು ತಿರುಗಿ ಕೊನೆಗೆ ಗಂಗೊಳ್ಳಿ ಬಂದರಿನಲ್ಲಿ ವಾಮನ ದಣಿಯ ಮೀನಿನ ಬೋಟಿನ ಕೆಲಸಕ್ಕೆ ಸೇರಿದೆ.

ನಾನು ಸೇರಿದ ಎರಡನೆಯ ವರ್ಷ, ಬೋಟಿನ ತಳದಲ್ಲಿ ಸೇರುವ ನೀರನ್ನು ಎಳೆದು ಹೊರಹಾಕುವ ಪಂಪಿಗೆ ದಣಿ ತೋಟದ ಮೆತ್ತಗಿನ ಪೈಪು ತಂದರು.

“ತಂತಿ ಸುತ್ತಿದ ಗಟ್ಟಿ ಪೈಪು ಬೇಕು ದಣಿ,” ಎಂದೆ.

“ಶಾಲೆ ಬಿಟ್ಟವ ನಂಗೆ ಪಾಠ ಹೇಳ್ತ್ಯಾ? ಇದನ್ನೇ ಹಾಕು, ಇಲ್ಲಾ ನಡೆ.”

“ಆಯ್ತು. ಹೊಸ ಸಾಮಾನಿಗೆ ಮೊದಲ ಕೈ ನಿಮ್ಮದೇ ಅಲ್ದಾ?”

ಹೊಸ ಸಾಮಾನನ್ನು ದಣಿಯೇ ಮೊದಲು ಬಳಸಿ ನೋಡುವ ಶಾಸ್ತ್ರವನ್ನು ಬಂದರಿನಲ್ಲಿ ತಪ್ಪಿಸುವಂತಿಲ್ಲ. ಪೈಪಿನ ಒಂದು ತುದಿಯನ್ನು ಎಳನೀರಿನ ಕೊಡಕ್ಕೆ ಇಳಿಸಿ, ಇನ್ನೊಂದನ್ನು ಅವರ ಬಾಯಿಗೆ ಕೊಟ್ಟೆ. ದಣಿ ಗತ್ತಿನಿಂದ ಎಳೆದರು. ಕೆನ್ನೆ ಒಳಗೆ ಹೋಯಿತು, ಪೈಪು ಚಪ್ಪಟೆಯಾಯಿತು, ಎಳನೀರು ಮಾತ್ರ ಬರಲಿಲ್ಲ. ಸುತ್ತ ನಿಂತ ಬೋಟಿನ ಖಲಾಸಿಗಳು ಹೊಟ್ಟೆ ಹಿಡಿದು ನಕ್ಕರು.

ದಣಿ ಚಪ್ಪಟೆ ಪೈಪನ್ನೇ ನೋಡುತ್ತಾ ಕೇಳಿದರು, “ಸೂರನ ಬೋಟಿಗೂ ನಾನು ಇಂಥದ್ನೇ ಕೊಟ್ಟಿದ್ನಾ?”

ನಗು ನಿಂತಿತು. ಸೂರ ಅವರ ಅಕ್ಕನ ಮಗ. ಹೋದ ವರ್ಷ ನೀರು ತುಂಬಿ ಮುಳುಗಿದ ಬೋಟಿನ ಜೊತೆ ಜೀವ ಕಳಕೊಂಡವ.

“ಹೌದು ದಣಿ,” ಎಂದೆ.

ಸಂಜೆಯೊಳಗೆ ಗಟ್ಟಿ ಪೈಪು ಬಂತು, ಜೋಡಿಸಿದೆ. ದಣಿ ಬರಲಿಲ್ಲ. ನನ್ನನ್ನು ಕಂಡರೆ ಆ ‘ಹೌದು’ ನೆನಪಾಗುತ್ತದೆ, ನಾನಿರುವ ತನಕ ಅವರು ಈ ಬೋಟಿನ ಹತ್ತಿರ ಬರಲಾರರು ಎನಿಸಿ, ಬಟ್ಟೆಯ ಗಂಟು ಕಟ್ಟತೊಡಗಿದೆ.