ಕಡೆಯ ಬೇರಿಂಗಿಗೆ ಎಣ್ಣೆ

ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಹೊಳೆಯಿಂದ ನೀರೆತ್ತುವ ಎಂಜಿನ್ ಇತ್ತು. ಎಂಬತ್ತು ವರ್ಷದ ಮುದಿ ಎಂಜಿನ್. ಹೋದ ಬೇಸಗೆಯಲ್ಲಿ ಶಿಷ್ಯ ಬಸಲಿಂಗ ಎಣ್ಣೆ ನೋಡದೆ ಓಡಿಸಿ, ಅದರ ಕಡೆಯ ಬೇರಿಂಗನ್ನು ಸುಟ್ಟಿದ್ದ.

ಸುಟ್ಟ ತಾನೇ ಅದನ್ನು ಮತ್ತೆ ಕಟ್ಟುತ್ತೇನೆಂದು ಹಟ ಹಿಡಿದ. ಎಂಜಿನ್ ಓಡುವವರೆಗೆ ಆಶ್ರಮದ ನೀರನ್ನೆಲ್ಲ ತಾನೇ ಹೊರುತ್ತೇನೆಂದು ಆಣೆಯನ್ನೂ ಮಾಡಿದ. ನಲವತ್ತು ಮೆಟ್ಟಿಲು, ಏಳು ತಿಂಗಳು. ಹೆಗಲು ಹುಣ್ಣಾದರೂ ಬಿಡಲಿಲ್ಲ. ಕತ್ತೆಯ ಹಟ ಅನ್ನಿ ಬೇಕಾದರೆ, ನನಗೆ ಅಂಥವರ ಮೇಲೆ ಪ್ರೀತಿ.

ಕೊನೆಗೆ ಎಣ್ಣೆ ಪಂಪಿನಿಂದ ಒಂದೊಂದು ಬೇರಿಂಗಿಗೂ ಎಣ್ಣೆ ಒಯ್ಯುವ ಎಂಟು ಪೈಪುಗಳನ್ನು ಜೋಡಿಸಿ ಗುರು ಅಡವಯ್ಯಜ್ಜನವರನ್ನು ಕರೆದ.

“ಎಲ್ಲಾ ಬಿಗದೇನ್ರಿ ಅಜ್ಜಾರ. ಒಂದ ಹನಿ ಸೋರೂದಿಲ್ಲ. ಚಾಲೂ ಮಾಡ್ಲೇನ್ರಿ?”

“ಈ ಸಲಾನೂ ಸುಟ್ರ?”

“ಶಾಫ್ಟ್ ಆಗಲೇ ಸವದೈತ್ರಿ. ಈ ಸಲ ಸುಟ್ರ ಗುಜರಿಗೇ ಹಾಕೂದು.”

ಅಜ್ಜ ಪಾನಾ ತೆಗೆದುಕೊಂಡು, ಎಣ್ಣೆ ಪಂಪಿನಿಂದ ಎಲ್ಲಕ್ಕಿಂತ ದೂರದ, ಹಿಂದೆ ಸುಟ್ಟಿದ್ದ ಕಡೆಯ ಬೇರಿಂಗಿನ ಪೈಪಿನ ನಟ್ಟನ್ನು ಸಡಿಲಿಸಿದರು. ಅದರ ಕೆಳಗೆ ಅಂಗೈ ಹಿಡಿದು ಕುಳಿತರು.

“ಕೈಲೆ ತಿರುಗಸು.”

ಬಸಲಿಂಗ ಹ್ಯಾಂಡಲ್ ತಿರುಗಿಸಿದ. ಐವತ್ತು ಸುತ್ತು. ನೂರು ಸುತ್ತು. ಅಂಗೈ ಒಣಗಿಯೇ ಇತ್ತು.

“ಎಣ್ಣಿ ಒತ್ತಡದ ಮೀಟರಿನ ಮುಳ್ಳು ಎದ್ದು ನಿಂತೈತಲ್ರಿ ಅಜ್ಜಾರ. ಎಣ್ಣಿ ಬರಬೇಕು.”

ಅಜ್ಜ ಆ ಪೈಪು ಬಿಚ್ಚಿ ಊದಿದರು. ಉಸಿರು ದಾಟಲಿಲ್ಲ. ತಂತಿ ಹಾಕಿ ಎಳೆದರೆ ಅರಿವೆಯ ಚೂರು ಬಂತು. ಧೂಳು ಹೋಗದಿರಲೆಂದು ಬಸಲಿಂಗನೇ ತುರುಕಿದ್ದು.

ಅವನ ಮುಖ ಬಾಡಿತು.

“ಎಂಟಕ್ಕೂ ತುರುಕಿದ್ದೆ. ಉಳದ ಏಳೂ ತಗದಿದ್ದು ನೆನಪೈತ್ರಿ.”

“ನಿನ್ನ ನೆನಪಿನಾಗ ಎಣ್ಣಿ ಹರಿತೈತೇನು?”

ಬಸಲಿಂಗ ಎಂಟನ್ನೂ ಬಿಚ್ಚಿ, ಊದಿ, ತೊಳೆದು ಮತ್ತೆ ಜೋಡಿಸಿದ. ನಡುವೆ ಎದ್ದು ಹೋಗಿ ಸಂಜೆಯ ನೀರನ್ನೂ ಹೊತ್ತು ತಂದ.

ಮರುದಿನ ಬೆಳಿಗ್ಗೆ ಅಜ್ಜ ಅದೇ ನಟ್ಟು ಸಡಿಲಿಸಿ ಅಂಗೈ ಹಿಡಿದರು, ಅವನು ಹ್ಯಾಂಡಲ್ ಹಿಡಿದ. ಎಪ್ಪತ್ತನೆಯ ಸುತ್ತಿಗೆ ಎಣ್ಣೆಯ ಒಂದು ಹನಿ ಬಿತ್ತು. ಆಮೇಲೆ ಧಾರೆ. ಬಸಲಿಂಗ ಅತ್ತೇಬಿಟ್ಟ.

ಕಣ್ಣೊರೆಸಿಕೊಂಡು ಕೇಳಿದ.

“ಮತ್ತ ಆ ಮುಳ್ಳು ನಿನ್ನೆ ಯಾಕ ಸುಳ್ಳು ಹೇಳ್ತು ಅಜ್ಜಾರ?”

ಅಜ್ಜ ನಟ್ಟು ಬಿಗಿದರು.

“ಸುಳ್ಳಲ್ಲೋ. ಅದು ಪಂಪಿನ ಮಗ್ಗಲಾ ಕುಂತೈತಿ. ಬಡಸಾವನ ಮಗ್ಗಲಾ ಕುಂತಾಂವ ಯಾವಾಗಲೂ ಹೊಟ್ಟಿ ತುಂಬೇತಿ ಅಂತಾನ. ಪಂಕ್ತಿ ಪೂರಾ ಉಂಡೈತೇನಂತ ಕಡೇ ಎಲಿಯಾಂವನ್ನ ಕೇಳಬೇಕಪಾ.”