ಹಗ್ಗ ಹಿಡಿದ ಪುಕ್ಕಲ

"ಬುದ್ಧಿ, ಮನುಷ್ಯ ತನ್ನ ಸ್ವಭಾವ ಮೀರಿ ಒಂದು ತೀರ್ಮಾನವನ್ನಾದರೂ ಮಾಡಬಲ್ಲನೇ?" ಎಂದು ಶಿಷ್ಯ ಗುರುಮಲ್ಲ ಕೇಳಿದ. "ನಾನು ಹುಟ್ಟಾ ಅಂಜುಬುರುಕ. ಬಾವಿಗೆ ಎರಡು ದಾರಿಯಿದ್ದರೆ ಯಾವುದರಲ್ಲಿ ಹೋಗಲಿ ಎಂದು ನಿಂತುಬಿಡುತ್ತೇನೆ. ಗಟ್ಟಿಯಾಗಿ ಮಾತಾಡುವವರು ಏನು ಹೇಳಿದರೂ ತಲೆಯಾಡಿಸುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇನ್ನು ನನ್ನ ಕೈಯಲ್ಲಿ ಏನಿದೆ?"

ಗುರುಗಳಿಗೆ ಸಿಟ್ಟು ಬಂತು. "ಆ ಗಾದೆ ಕಟ್ಟಿದವನು ಸಿಕ್ಕರೆ ನನ್ನ ಹತ್ತಿರ ಕಳಿಸು, ಎರಡು ಮಾತು ಕೇಳುವುದಿದೆ. ಹುಟ್ಟುಗುಣ ನಿನ್ನ ಮೂಗಿನ ಹಾಗೆ, ಇದ್ದರೆ ಇರಲಿ. ಅದು ಯಾರು ಬೇಕಾದರೂ ಹಿಡಿದು ಎಳೆಯುವ ಮೂಗುದಾರ ಎಂದು ನಿನಗೆ ಹೇಳಿದವರು ಯಾರು? ಕೂತುಕೋ, ಕೇಳು" ಎಂದು ಕತೆ ಶುರುಮಾಡಿದರು.

ಒಂದು ಬೆಟ್ಟದಲ್ಲಿ ಜೇನು ಕೀಳುವವರ ಹತ್ತಾರು ಗುಡಿಸಲುಗಳ ಹಾಡಿ ಇತ್ತು. ಹೆಜ್ಜೇನು ಕಟ್ಟುತ್ತಿದ್ದುದು ಕಡಿದಾದ ಬಂಡೆಯಲ್ಲಿ. ಕಾಡುಬಳ್ಳಿ ಹೊಸೆದ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಮೇಲಿನಿಂದ ಇಳಿಯಬೇಕು. ಮೇಲೆ ಹಗ್ಗ ಹಿಡಿಯುವವನು ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು ಎಂಬುದು ಅವರ ಕಟ್ಟಳೆ. ಒಡಹುಟ್ಟಿದವಳ ತಾಳಿ ಕೀಳಲು ಯಾರಿಗೂ ಮನಸ್ಸು ಬಾರದು, ಅದಕ್ಕೆ.

ಅಲ್ಲೊಬ್ಬ ಜೇನುಗಾರನಿದ್ದ, ಮಹಾ ಆತುರಗಾರ. ಅಂಬಲಿ ಆರುವಷ್ಟು ತಾಳ್ಮೆಯಿಲ್ಲದೆ ದಿನಾ ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ಅವನ ಹಗ್ಗ ಹಿಡಿಯುವ ಭಾವಮೈದುನ ನಿನ್ನಂಥವನೇ, ಪುಕ್ಕಲ. ಒಂದೊಂದು ಗಂಟನ್ನೂ ಮೂರು ಸಲ ಎಳೆದು ನೋಡುತ್ತಿದ್ದ. ಹಾಡಿಯವರು ನಗುತ್ತಿದ್ದರು. ಇವನೂ ತಲೆ ತಗ್ಗಿಸಿ ಅವರ ಜೊತೆ ನಗುತ್ತಿದ್ದ. ಹಾಡಿಯ ಯಜಮಾನನ ಎದುರು ಒಂದು ದಿನವೂ ಬಾಯಿ ಬಿಟ್ಟವನಲ್ಲ.

ಒಂದು ವರ್ಷ ಆ ಯಜಮಾನ, ಪಾಳೆಯಗಾರನ ಮನೆಯ ಮದುವೆಗೆ ಜೇನು ಒಪ್ಪಿಸುವುದಾಗಿ ಮಾತು ಕೊಟ್ಟುಬಿಟ್ಟ. ನಾಳೆ ಮದುವೆ ಎನ್ನುವಾಗ ಎಲ್ಲರೂ ಬಂಡೆಯ ಮೇಲೆ ಸೇರಿದರು. ಪುಕ್ಕಲ ಎಂದಿನಂತೆ ಹಗ್ಗವನ್ನು ಗೇಣು ಗೇಣಾಗಿ ಒತ್ತಿ ನೋಡುತ್ತ ಬಂದ. ನಡುವೆ ಒಂದು ಕಡೆ, ಕೊಳೆತಂತೆ, ಬೆರಳಿಗೆ ಮೆತ್ತಗೆ ತಾಗಿತು. "ಈ ಹಗ್ಗ ಬೇಡ, ಹೊಸದು ಹೊಸೆಯೋಣ" ಎಂದ. ಹೊಸೆಯಲು ನಾಲ್ಕು ದಿನ ಬೇಕಿತ್ತು.

ಯಜಮಾನ ನಕ್ಕ. "ನಿನ್ನ ನೆರಳು ಕಂಡರೂ ನಿನಗೆ ನಡುಕ. ಪುಕ್ಕಲನ ಬೆರಳಿಗೆ ಬಂಡೆಯೂ ಮೆತ್ತಗೇ. ಆಚೆ ಸರಿ, ಹಗ್ಗ ನಾನು ಹಿಡಿಯುತ್ತೇನೆ. ಅಡ್ಡ ಬಂದರೆ ನಿನಗೆ ಹಾಡಿಯಲ್ಲಿ ಜಾಗವಿಲ್ಲ" ಎಂದ. ಆತುರಗಾರ ಆಗಲೇ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಅಂಚಿನ ಕಡೆ ನಡೆದಿದ್ದ.

ಪುಕ್ಕಲ ಬಳ್ಳಿ ಕಡಿಯುವ ಮಚ್ಚು ಎತ್ತಿದ. ಮೊದಲ ಏಟು ಕಲ್ಲಿಗೆ ಬಿತ್ತು, ಎರಡನೆಯದು ಹಗ್ಗಕ್ಕೆ. ಮೆತ್ತಗಿದ್ದ ಭಾಗವನ್ನು ಚೂರು ಚೂರು ಮಾಡಿ ಪ್ರಪಾತಕ್ಕೆ ಒದ್ದ. "ಯಜಮಾನರೇ, ನನ್ನನ್ನು ಓಡಿಸಿ, ಹೋಗುತ್ತೇನೆ. ನನ್ನ ಅಕ್ಕನ ತಾಳಿಯನ್ನು ಮಾತ್ರ ನಿಮ್ಮ ಕೈಗೆ ಕೊಡುವುದಿಲ್ಲ" ಎಂದ.

ಓಡಿಸಿದರು. ಆತುರಗಾರನೂ ಬಾಯಿಗೆ ಬಂದಂತೆ ಬೈದ. ಮದುವೆಗೆ ಜೇನು ಹೋಗಲಿಲ್ಲ, ಯಜಮಾನನ ಮಾತು ಮೂರು ಕಾಸಿನದಾಯಿತು. ಆದರೆ ಹೊಸ ಹಗ್ಗ ಹೊಸೆಯುತ್ತ ನಾಲ್ಕು ದಿನ ಒಂದೇ ಕಡೆ ಕೂತ ಆತುರಗಾರನಿಗೆ ಯೋಚಿಸದೆ ಬೇರೆ ದಾರಿಯಿರಲಿಲ್ಲ. ಐದನೆಯ ದಿನ ಯಜಮಾನ ಇಳಿ ಎಂದಾಗ ಅವನು ಇಳಿಯಲಿಲ್ಲ, ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ನನ್ನ ಮೈದುನ ಬಂದು ಹಗ್ಗ ಹಿಡಿಯುವವರೆಗೆ ಜೇನು ಅಲ್ಲೇ ಇರಲಿ" ಎಂದ. ಮೂರು ದಿನ ಹಾಗೇ ಕೂತ. ಕೊನೆಗೆ ಯಜಮಾನನೇ ಸೋತು, ಪುಕ್ಕಲನನ್ನು ಹುಡುಕಿ ಕರೆತರಲು ಜನ ಕಳಿಸಿದ.

ಗುರುಗಳು ಕತೆ ಮುಗಿಸಿದರು.

"ಬುದ್ಧಿ, ಆ ಹಳೆಯ ಹಗ್ಗ ನಿಜವಾಗಿಯೂ ಕೊಳೆತಿತ್ತೇ?" ಎಂದು ಗುರುಮಲ್ಲ ಕೇಳಿದ.

"ಯಾರಿಗೆ ಗೊತ್ತು? ಇಳಿದು ಚೂರು ಆಯ್ದವರು ಯಾರೂ ಇಲ್ಲ. ಅವನಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ."

"ಹೋಗಲಿ, ಅಂದಿನಿಂದ ಅವನ ಹೆದರಿಕೆಯಾದರೂ ಬಿಟ್ಟುಹೋಯಿತು ಅನ್ನಿ."

"ಎಲ್ಲಿಗೆ ಹೋಗುತ್ತದೆ? ಹೆದರಿಕೆ ಅವನ ಹುಟ್ಟುಗುಣ. ಆದರೆ ಯಾವುದಕ್ಕೆ ಹೆದರಬೇಕು, ಯಾರಿಗೆ ಹೆದರಬಾರದು ಎಂದು ಗೊತ್ತುಮಾಡಿದವನು ಅವನೇ."